ನಡುವಿನ ಹಾಳೆ

ಜೂನ್ ೩

ಅಕ್ಕ,

ಈ ಪತ್ರವನ್ನು ಭಾವ ಓದಿದರೂ ಪರವಾಗಿಲ್ಲ, ಅಪ್ಪನ ಕಿವಿಗೆ ಮಾತ್ರ ಬೀಳಬಾರದು. ಫೋನಿನಲ್ಲಿ ಹೇಳೋಣವೆಂದರೆ ಅಂಗಡಿಯ ಫೋನು ಅವರ ಸ್ಟೂಲಿನ ಪಕ್ಕದಲ್ಲೇ ಇದೆ. ನಾನು "ಹಲೋ" ಅಂದರೆ ಸಾಕು, ಕೈಯಲ್ಲಿದ್ದ ರಿಪೇರಿ ಫ್ಯಾನನ್ನು ಕೆಳಗಿಟ್ಟು ಕೇಳುತ್ತಾ ಕೂತುಬಿಡುತ್ತಾರೆ.

ಸೇನೆಗೆ ಸೇರೋಣ ಅಂತಿದ್ದೇನೆ.

ಬರೆದ ಮೇಲೆ ಈ ಸಾಲನ್ನು ನಾನೇ ಮೂರು ಸಲ ಓದಿದೆ. ಸೇರಲೇಬೇಕು ಅಂತ ಬೆಳಿಗ್ಗೆ ಅನ್ನಿಸುತ್ತದೆ, ಮಧ್ಯಾಹ್ನದ ಹೊತ್ತಿಗೆ ನನಗ್ಯಾಕೆ ಈ ಉಸಾಬರಿ ಅನ್ನಿಸುತ್ತದೆ. ನಿನ್ನೆ ಪಂಪಿನ ಮೋಟಾರೊಂದಕ್ಕೆ ತಂತಿ ಸುತ್ತುತ್ತಾ ಎಣಿಕೆ ತಪ್ಪಿದೆ. ಅಪ್ಪ ಪೂರ್ತಿ ಬಿಚ್ಚಿ ಮತ್ತೆ ನನ್ನ ಕೈಗೇ ಕೊಟ್ಟರು. ಹತ್ತೊಂಬತ್ತನೇ ವಯಸ್ಸಿಗೇ ಹೀಗೆ ಸುತ್ತಿದ್ದನ್ನೇ ಸುತ್ತುತ್ತಾ ಕೂತರೆ ಮುಂದೇನು ಹೇಳು.

ನೇಮಕಾತಿ ಕಚೇರಿಯಿಂದ ಅರ್ಜಿ ತಂದಿದ್ದೇನೆ. ಅದರಲ್ಲಿ ಮೂರು ಚೌಕಗಳಿವೆ: ಭೂಸೇನೆ, ನೌಕಾಪಡೆ, ವಾಯುಪಡೆ. ಯಾವುದು ಮೊದಲು ಬೇಕೋ ಅದಕ್ಕೆ ಒಂದು, ಆಮೇಲೆ ಎರಡು, ಮೂರು ಅಂತ ಅಂಕಿ ಹಾಕಬೇಕು. ಒಮ್ಮೆ ಹಾಕಿದರೆ ತಿದ್ದುವಂತಿಲ್ಲ. ಈ ತಿಂಗಳ ಮೂವತ್ತು ಕಡೆಯ ದಿನ. ಇದನ್ನು ನಾನು ಯಾರನ್ನು ಕೇಳಲಿ? ಮೂರೂ ಪಡೆಯವರ ಬಟ್ಟೆ ದಿನಾ ನಿನ್ನ ಇಸ್ತ್ರಿ ಮೇಜಿನ ಮೇಲೆ ಬರುತ್ತದೆ. ಅಲ್ಲದೆ ಈ ದಾರಿಯಲ್ಲಿ ನೀನು ಅರ್ಧ ಹೋಗಿ ಬಂದವಳು.

ಅವರು ಕೊಟ್ಟ ಪುಸ್ತಿಕೆಯನ್ನು ಇದರ ಜೊತೆಗೇ ಕಳಿಸಿದ್ದೇನೆ. ಓದಿ ಹೇಳು.

ನಿನ್ನ ಬಾಲ

*

ಜೂನ್ ೯

ಬಾಲ,

ಚಿಕ್ಕಂದಿನಲ್ಲಿ ನಾನು ಎಲ್ಲಿಗೆ ಹೋದರೂ ಹಿಂದೆಯೇ ಬರುವ ತಂಗಿ ಅಂತ ನಿನಗೆ ಆ ಹೆಸರಿಟ್ಟವಳು ನಾನೇ. ಈಗ ಇದಕ್ಕೂ ಬಂದೆಯಲ್ಲ. ಸಂತೋಷ.

ನಿಜವಾಗಿಯೂ ಸಂತೋಷ. ಪತ್ರವನ್ನು ಲಾಂಡ್ರಿಯಲ್ಲೇ ಓದಿದೆ. ಓದುತ್ತಾ ಇಸ್ತ್ರಿ ಪೆಟ್ಟಿಗೆಯನ್ನು ಒಂದು ಅಂಗಿಯ ಮೇಲೆ ಹಾಗೇ ಬಿಟ್ಟು ಕಾಲರಿನ ಪಕ್ಕ ಕಂದು ಕಲೆ ಮಾಡಿದೆ. ಆರು ವರ್ಷದಲ್ಲಿ ಇದೇ ಮೊದಲು. ಯಜಮಾನಿ, "ಮನೇಲಿ ಎಲ್ರೂ ಚೆನ್ನಾಗಿದಾರೆ ತಾನೇ?" ಅಂದರು. "ತುಂಬಾ ಚೆನ್ನಾಗಿದಾರೆ" ಅಂದೆ.

ಬಟ್ಟೆ ನೋಡಿ ಹೇಳು ಅಂದೆಯಲ್ಲ, ಹೇಳುತ್ತೇನೆ. ಭೂಸೇನೆಯವರ ಬಟ್ಟೆಯಲ್ಲಿ ಮೊಣಕಾಲು, ಮೊಣಕೈ ಮೊದಲು ಸವೆಯುತ್ತದೆ. ಮಣ್ಣು ಹೊಲಿಗೆಯ ಒಳಗೇ ಕೂತಿರುತ್ತದೆ, ಎರಡು ಸಲ ಒಗೆದರೂ ಜಗ್ಗುವುದಿಲ್ಲ. ವಾಯುಪಡೆಯವರ ಪ್ಯಾಂಟಿನ ಹಿಂಭಾಗ ಮಿರಿಮಿರಿ ಹೊಳೆಯುತ್ತದೆ, ಕೂತು ಕೂತು. ಇಸ್ತ್ರಿಯ ಗೆರೆ ಒಂದಿರುವ ಕಡೆ ಎರಡು ಬಿದ್ದರೆ ಬಟ್ಟೆ ವಾಪಸು ತರುವವರೂ ಅವರೇ. ನೌಕಾಪಡೆಯವರದು ಬಿಳಿ. ಅದನ್ನು ನಾನು ಬೇರೆ ಯಾರಿಗೂ ಮುಟ್ಟಲು ಕೊಡುವುದಿಲ್ಲ.

ಇಷ್ಟು ನನಗೆ ಗೊತ್ತಿರುವುದು. ಅರ್ಧ ದಾರಿ ಅಂದೆ. ಓಟ ಮುಗಿಸಿದ್ದೆ, ಬರಹ ಪರೀಕ್ಷೆ ಮುಗಿಸಿದ್ದೆ, ವೈದ್ಯರ ಪರೀಕ್ಷೆಯೊಂದು ಬಾಕಿ ಇತ್ತು. ಅದು ಅರ್ಧವಲ್ಲ, ಮುಕ್ಕಾಲು. ಆಮೇಲೆ ಇಪ್ಪತ್ತೊಂದು ತುಂಬಿತು, ಬಾಗಿಲು ಮುಚ್ಚಿತು.

ಅಂದ ಹಾಗೆ, ನೀನು ಕಳಿಸಿದ ಪುಸ್ತಿಕೆಯಲ್ಲಿ ಆರನೇ ಪುಟದ ನಂತರ ಹನ್ನೊಂದು ಬರುತ್ತದೆ. ಪಿನ್ನು ಸಡಿಲವಾಗಿದೆ, ನಡುವಿನ ಹಾಳೆ ಎಲ್ಲೋ ಬಿದ್ದಿರಬೇಕು. ಅದರಲ್ಲಿ ಏನಿತ್ತು?

ಅಕ್ಕ

*

ಜೂನ್ ೧೩

ಅಕ್ಕ,

ನಡುವಿನ ಹಾಳೆಯಲ್ಲಿ ಬ್ಯಾಂಡ್ ಬಾರಿಸುವವರು, ಅಡುಗೆಯವರು, ಕ್ಷೌರಿಕರು, ಇಂಥವರ ವಿಷಯವಿತ್ತು ಅಷ್ಟೆ. ನಮಗೆ ಬೇಕಾದದ್ದಲ್ಲ. ನನಗೆ ತುತ್ತೂರಿ ಊದಲು ಬರುವುದಿಲ್ಲ ಅಂತ ನಿನಗೇ ಗೊತ್ತು.

ಒಂದು ಸುದ್ದಿ. ದಿನಾ ಬೆಳಿಗ್ಗೆ ಶಾಲೆಯ ಮೈದಾನಕ್ಕೆ ಹೋಗಿ ಓಡುತ್ತಿದ್ದೇನೆ. ಅಂಗಡಿಯ ಶಟರಿನ ಒಳಬದಿಯಲ್ಲಿ ನೀನು ವಾರ್ನಿಶ್‌ನಲ್ಲಿ ಬರೆದಿದ್ದೆಯಲ್ಲ, ನಾಲ್ಕು ಸುತ್ತಿಗೆ ಏಳು ನಿಮಿಷ ಹತ್ತು ಸೆಕೆಂಡು ಅಂತ? ಅದು ಇನ್ನೂ ಇದೆ. ನಿನ್ನೆ ನಾನು ಆರು ಐವತ್ತೆಂಟಕ್ಕೆ ಮುಗಿಸಿದೆ! ನಿನ್ನದರ ಕೆಳಗೇ ನನ್ನದನ್ನೂ ಬರೆದೆ. ಅಪ್ಪ ನೋಡಿ, "ಇದ್ಯಾವ ಮೋಟಾರಿನ ಲೆಕ್ಕಾನೇ?" ಅಂದರು. "ಸಣ್ಣದು, ಅರ್ಧ ಎಚ್.ಪಿ." ಅಂದೆ.

ಆದರೂ ಭಯ ಹೋಗಿಲ್ಲ. ಗುಂಡು ಹಾರಿಸುವುದಕ್ಕಲ್ಲ. ಅಲ್ಲಿ ಹೋಗಿ ಇದು ನನ್ನಿಂದ ಆಗುವುದಲ್ಲ ಅಂತ ಗೊತ್ತಾದರೆ ಯಾವ ಮುಖ ಹೊತ್ತು ವಾಪಸು ಬರಲಿ? ಬಟ್ಟೆಯ ವಿಷಯ ಎಲ್ಲ ಬರೆದೆ, ಯಾವುದಕ್ಕೆ ಒಂದು ಹಾಕಬೇಕು ಅಂತ ಬರೆಯಲೇ ಇಲ್ಲ. ಬಾಯಿ ಬಿಟ್ಟು ಹೇಳು ಮಾರಾಯ್ತಿ.

ನಿನ್ನ ಬಾಲ

*

ಜೂನ್ ೧೮

ಬಾಲ,

ಆರು ಐವತ್ತೆಂಟು ಅಂದೆ. ಗಡಿಯಾರ ಯಾರು ಹಿಡಿದಿದ್ದರು? ನನ್ನದನ್ನು ಆಟದ ಮೇಷ್ಟ್ರು ನಿಂತು ಅಳೆದದ್ದು. ಅವತ್ತು ಮೈದಾನ ಒದ್ದೆಯಿತ್ತು ಬೇರೆ. ಮೈದಾನದ ಸುತ್ತಲಿನ ಹಗ್ಗ ಈಗ ಎಲ್ಲಿ ಕಟ್ಟಿದ್ದಾರೋ, ಒಳಗೆ ಸರಿಸಿದ್ದರೆ ಸುತ್ತು ಚಿಕ್ಕದಾಗುತ್ತದೆ. ಸುಮ್ಮನೆ ಹೇಳಿದೆ.

ಒಂದನೇ ಅಂಕಿಯನ್ನು ನೌಕಾಪಡೆಗೆ ಹಾಕು. ಯೋಚನೆಯೇ ಬೇಡ. ಭೂಸೇನೆಯಲ್ಲಿ ಕೆಸರಿನಲ್ಲಿ ತೆವಳಿಸುತ್ತಾರೆ. ವಾಯುಪಡೆಯಲ್ಲಿ ನಿನ್ನನ್ನು ಯಾವುದೋ ಉಗ್ರಾಣದಲ್ಲಿ ಕೂರಿಸಿ ನಟ್ಟು ಬೋಲ್ಟು ಎಣಿಸಲು ಹೇಳುತ್ತಾರೆ. ಹಡಗು ಹಾಗಲ್ಲ. ಒಳ್ಳೆ ನಾಲ್ಕು ಅಂತಸ್ತಿನ ಕಟ್ಟಡದ ಹಾಗಿರುತ್ತದಂತೆ, ಅಲುಗಾಡುವುದು ಗೊತ್ತೇ ಆಗುವುದಿಲ್ಲವಂತೆ. ಬಟ್ಟೆ ಕೊಡಲು ಬಂದ ಒಬ್ಬರನ್ನು ಕೇಳಿದೆ.

ಭಯ ಅಂದೆಯಲ್ಲ, ಭಯವಿದ್ದರೆ ಹೋಗಬೇಡ. ಆ ಜಾಗಕ್ಕೆ ಕಾಯುವವರು ಬೇಕಾದಷ್ಟು ಜನ ಇರುತ್ತಾರೆ.

ಅಕ್ಕ

*

ಜೂನ್ ೨೪

ಬಾಲ,

ನಿನ್ನಿಂದ ಉತ್ತರವಿಲ್ಲ. ಸಿಟ್ಟು ಬಂತೇನೋ. ಓಟದ ವಿಷಯ ತಮಾಷೆಗೆ ಬರೆದದ್ದು.

ಇನ್ನು ಆರೇ ದಿನ ಇದೆ ಅಂತ ಮತ್ತೆ ಬರೆಯುತ್ತಿದ್ದೇನೆ. ನೌಕಾಪಡೆಗೆ ಒಂದು, ಮರೆಯಬೇಡ. ಅಲ್ಲಿ ನನ್ನ ವಯಸ್ಸಿನವರೂ ಇರುತ್ತಾರೆ, ಒಬ್ಬ ಅಕ್ಕ ಜೊತೆಗಿದ್ದ ಹಾಗೇ ಆಗುತ್ತದೆ ನಿನಗೆ. ನಾನು ಯೋಚನೆ ಮಾಡಿಯೇ ಹೇಳುತ್ತಿರುವುದು.

ಅಕ್ಕ

*

ಜೂನ್ ೩೦

ಅಕ್ಕ,

ಅರ್ಜಿ ಕೊಟ್ಟು ಬಂದೆ. ಮೂರೂ ಚೌಕಗಳಿಗೆ ಅಂಕಿ ಹಾಕಿದ್ದೇನೆ. ಯಾವುದಕ್ಕೆ ಏನು ಅಂತ ಈಗ ಹೇಳುವುದಿಲ್ಲ.

ಅಪ್ಪನಿಗೆ ನಿನ್ನೆ ಹೇಳಿದೆ. ಕೈಯಲ್ಲಿದ್ದ ಸುರುಳಿಯನ್ನು ಪೂರ್ತಿ ಸುತ್ತಿ ಮುಗಿಸಿದರು. ಆಮೇಲೆ, "ನಿನಗೆ ಆ ಟೈಫಾಯ್ಡ್ ಬಂದಾಗ ಅವಳು ಡಾಕ್ಟರ ಪರೀಕ್ಷೆ ಬಿಟ್ಟು ನಿನ್ನ ಪಕ್ಕ ಕೂರದೇ ಇದ್ದಿದ್ರೆ ಇಷ್ಟೊತ್ತಿಗೆ ಅಲ್ಲಿರೋಳು" ಅಂದರು. ನನ್ನ ವಿಷಯ ಹೇಳಿದರೆ ನಿನ್ನ ವಿಷಯ ಮಾತಾಡಿದರು. ಈ ಮನೆಯಲ್ಲಿ ಯಾವಾಗಲೂ ಹೀಗೇ.

ನಿನ್ನ ತಂಗಿ

*

ಜುಲೈ ೨೨

ತಂಗಿ,

ಮೂರು ವಾರ ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ನೀನು ಯಾಕೆ ಬರೆಯಲಿಲ್ಲವೋ ಗೊತ್ತಿಲ್ಲ. ನಾನು ಬರೆಯದಿದ್ದದ್ದು ನಾಚಿಕೆಯಿಂದ.

ನಿನಗೆ ಜೋಕಾಲಿಯಲ್ಲಿ ಎರಡು ತೂಗು ತೂಗಿದರೆ ವಾಂತಿಯಾಗುತ್ತದೆ. ಬಸ್ಸಿನಲ್ಲಿ ನಿನಗೆ ಯಾವಾಗಲೂ ಕಿಟಕಿ, ನನ್ನ ಕೈಯಲ್ಲಿ ಯಾವಾಗಲೂ ಪ್ಲಾಸ್ಟಿಕ್ ಚೀಲ. ಇದು ಗೊತ್ತಿದ್ದೂ ನಿನಗೆ ಹಡಗು ಹತ್ತು ಅಂದೆ. ಮೊದಲ ತಿಂಗಳೇ ವಾಪಸು ಕಳಿಸುತ್ತಾರೆ, ನಾನು ಪ್ಲಾಟ್‌ಫಾರ್ಮಿಗೆ ಬಂದು "ಇರಲಿ ಬಿಡು" ಅಂತ ತಲೆ ಸವರುತ್ತೇನೆ, ಹೀಗೆಲ್ಲ ಯೋಚಿಸಿದ್ದೆ. ತಲೆ ಸವರುವುದನ್ನು ಯೋಚಿಸಿದಾಗ ಎಷ್ಟು ಹಿತವಾಗಿತ್ತು ಅಂತ ಹೇಳಲಾರೆ.

ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಲ್ಲ. ಬಟ್ಟೆ ಕೊಡಲು ಬಂದವರನ್ನು ಕೇಳಿದೆ ಅಂತ ಬರೆದದ್ದೂ ಸುಳ್ಳು. ಹೋದ ವರ್ಷ ಮಧ್ಯಾಹ್ನ ಯಾರೂ ಇಲ್ಲದಾಗ ನೌಕಾಪಡೆಯ ಹೆಂಗಸೊಬ್ಬರ ಬಿಳಿ ಕೋಟನ್ನು ಹಿಂದಿನ ಕೋಣೆಗೆ ತೆಗೆದುಕೊಂಡು ಹೋಗಿ ಹಾಕಿಕೊಂಡು ನೋಡಿದ್ದೆ. ಭುಜ ಸರಿಹೋಯಿತು, ತೋಳು ಒಂದಿಂಚು ಉದ್ದವಾಯಿತು. ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಆಮೇಲೆ ಅದನ್ನು ಮತ್ತೆ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಕೊಟ್ಟೆ. ಅಂಥವಳನ್ನು ನೀನು ಯಾವುದು ಸೇರಲಿ ಅಂತ ಕೇಳಿದೆ.

ನನ್ನ ಮಾತು ಕೇಳಿ ನೌಕಾಪಡೆಗೇ ಒಂದು ಹಾಕಿದ್ದರೆ ಈಗಲೇ ಕಚೇರಿಗೆ ಹೋಗಿ ಕೇಳು, ತಿದ್ದಲು ಏನಾದರೂ ದಾರಿ ಇದೆಯೇ ಅಂತ. ನನ್ನ ಮೇಲೆ ತಪ್ಪು ಹಾಕು. ಅಕ್ಕ ದಾರಿ ತಪ್ಪಿಸಿದಳು ಅಂತಲೇ ಹೇಳು.

ಅಕ್ಕ

*

ಆಗಸ್ಟ್ ೬

ಅಕ್ಕ,

ನಾನು ಭೂಸೇನೆಗೆ ಒಂದು ಹಾಕಿದ್ದೆ. ನೌಕಾಪಡೆಗೆ ಮೂರು. ಓಟ, ಬರಹ, ವೈದ್ಯರು, ಎಲ್ಲ ಮುಗಿಯಿತು. ಪಾಸು. ಸೆಪ್ಟೆಂಬರ್ ಇಪ್ಪತ್ತಕ್ಕೆ ತರಬೇತಿ ಶಿಬಿರದಲ್ಲಿರಬೇಕು.

ಅಪ್ಪ ಎರಡು ದಿನದಿಂದ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದಾರೆ. ಮಿಕ್ಸಿ ರಿಪೇರಿಗೆ ತಂದವರು ಮಿಕ್ಸಿಯ ಮಾತೆತ್ತಲು ಕಾಲು ಗಂಟೆ ಕಾಯಬೇಕು.

ನಿನ್ನ ಪತ್ರದಲ್ಲಿ ಪ್ಲಾಸ್ಟಿಕ್ ಚೀಲದ ಸಾಲು ಓದಿ ನಗು ಬಂತು. ಮುಂದೆ ಓದುತ್ತಾ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನೀನು ನನ್ನ ಕ್ಷಮೆ ಕೇಳಬೇಡ. ನೀನು ಕೇಳಿದರೆ ನನಗೆ ಕಷ್ಟ. ನಾನೂ ನಿನಗೆ ಒಂದು ವಿಷಯ ಹೇಳಬೇಕಿದೆ, ಊರು ಬಿಡುವ ಮೊದಲು ಹೇಳುತ್ತೇನೆ.

ಹುಟ್ಟಿದ ದಿನಕ್ಕೆ ಬರೆಯಲು ತಡವಾಯಿತು. ಇಪ್ಪತ್ತೇಳು ತುಂಬಿತಲ್ಲ. ಚೆನ್ನಾಗಿರು.

ನಿನ್ನ ತಂಗಿ

*

ಆಗಸ್ಟ್ ೧೯

ಬಟ್ಟೆ ನೀರಿಗೆ ಹಾಕುವ ಮೊದಲು ನಾವು ಜೇಬು ನೋಡುತ್ತೇವೆ. ಪೆನ್ನು, ಟಿಕೆಟ್ಟು, ಬಾಚಣಿಗೆ, ಏನೇನೋ ಸಿಗುತ್ತವೆ. ಇವತ್ತು ಒಂದು ಬಿಳಿ ಪ್ಯಾಂಟಿನ ಹಿಂದಿನ ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಪುಸ್ತಿಕೆ ಸಿಕ್ಕಿತು. ಅದೇ ಪುಸ್ತಿಕೆ. ಪಿನ್ನು ಗಟ್ಟಿಯಾಗಿತ್ತು.

ಏಳನೇ ಪುಟದಲ್ಲಿ ಬ್ಯಾಂಡಿನವರಿಲ್ಲ. ಅಡುಗೆಯವರಿಲ್ಲ. ಎಂಟನೇ ಪುಟದ ಮೇಲ್ಗಡೆ ದಪ್ಪ ಅಕ್ಷರದಲ್ಲಿದೆ: ಈ ವರ್ಷದಿಂದ ನೌಕಾಪಡೆಗೆ ಸೇರುವ ಮಹಿಳೆಯರ ವಯಸ್ಸಿನ ಮಿತಿ ಇಪ್ಪತ್ತೇಳು. ಮದುವೆಯಾದವರೂ ಅರ್ಜಿ ಹಾಕಬಹುದು. ಅರ್ಜಿ ಕೊಡುವ ಕಡೆಯ ದಿನಕ್ಕೆ ಇಪ್ಪತ್ತೇಳು ತುಂಬಿರಬಾರದು.

ಜೂನ್ ಮೂವತ್ತಕ್ಕೆ ನನಗೆ ಇಪ್ಪತ್ತಾರು ವರ್ಷ, ಹತ್ತು ತಿಂಗಳು, ಇಪ್ಪತ್ತೆಂಟು ದಿನ. ಮುಂದಿನ ನೇಮಕಾತಿ ಬರುವ ವರ್ಷ.

ಇಲ್ಲಿಗೆ ಬರುವವರೆಲ್ಲ ಆಗಲೇ ಸೇರಿದವರು. ಸೇರುವ ವಯಸ್ಸಿನ ಮಾತು ಯಾರೂ ಆಡುವುದಿಲ್ಲ, ನಾನು ಕೇಳುವುದನ್ನು ಬಿಟ್ಟೇ ಆರು ವರ್ಷವಾಯಿತು. ನನ್ನ ಕಣ್ಣಿಗೆ ಅದು ಬೀಳಲು ಇದ್ದದ್ದು ಒಂದೇ ದಾರಿ, ನೀನು ಕಳಿಸಿದ ಪುಸ್ತಿಕೆ. ನಿನ್ನ ಭಾವ ಲಿಫ್ಟ್ ರಿಪೇರಿ ಮುಗಿಸಿ ಬಂದ ಮೇಲೆ ತೋರಿಸಿದೆ. ಗ್ರೀಸ್ ಹತ್ತಿದ ಕೈಯಲ್ಲೇ ಹಿಡಿದುಕೊಂಡು ಓದಿದರು. "ನೀನು ಹೋಗ್ತೀನಿ ಅಂದಿದ್ರೆ ನಾನು ಬೇಡ ಅಂತಿದ್ನಾ?" ಅಂದರು. ಅದನ್ನು ಕೇಳಿದ ಮೇಲೆ ಕೂತಲ್ಲೇ ಅತ್ತೆ.

ಪಿನ್ನು ಸಡಿಲವಾಗಿದೆ ಅಂತ ನಾನು ಬರೆದಾಗ ನಿನಗೆ ನಾಚಿಕೆಯಾಗಲಿಲ್ಲವೇ?

*

ಸೆಪ್ಟೆಂಬರ್ ೧

ಅಕ್ಕ,

ಆಯಿತು.

ಪಿನ್ನು ಬಿಡಿಸಿದ್ದು ನಾನೇ, ಅಪ್ಪನ ಸಣ್ಣ ಸ್ಕ್ರೂಡ್ರೈವರಿನಿಂದ. ಹಾಳೆ ಹರಿಯಲು ಕೈ ಬರಲಿಲ್ಲ. ತಂತಿ ಸುರುಳಿಗಳ ಡಬ್ಬದ ಅಡಿಯಲ್ಲಿ ಇಟ್ಟಿದ್ದೆ. ಜೂನಿನಲ್ಲಿ ನಾಲ್ಕು ಸಲ ಅದನ್ನು ಕವರಿಗೆ ಹಾಕಿದೆ, ನಾಲ್ಕು ಸಲ ತೆಗೆದೆ.

ಯಾಕೆ ಅಂತ ಹೇಳುತ್ತೇನೆ, ಕೇಳಿದರೆ ನಿನಗೆ ಇನ್ನೂ ಸಿಟ್ಟು ಬರುತ್ತದೆ. ನಾನು ಹುಟ್ಟಿದಾಗಿನಿಂದ ಹಾಕಿದ್ದೆಲ್ಲ ನೀನು ಹಾಕಿ ಬಿಟ್ಟದ್ದು. ಶಾಲೆಯ ಲಂಗವನ್ನು ಸೊಂಟದ ಹತ್ತಿರ ಮಡಿಸಿ ಹೊಲಿದು ಕೊಡುತ್ತಿದ್ದರು. ಚಪ್ಪಲಿಯಲ್ಲಿ ನಿನ್ನ ಹೆಬ್ಬೆರಳಿನ ಗುಳಿ ಇರುತ್ತಿತ್ತು. ಮೇಷ್ಟ್ರುಗಳು ನನ್ನನ್ನು ನೋಡಿ ನಿನ್ನನ್ನು ಕೇಳುತ್ತಿದ್ದರು. ನನ್ನ ಜ್ವರ ಕೂಡ ನನ್ನದಾಗಲಿಲ್ಲ, ನೀನು ಬಿಟ್ಟುಕೊಟ್ಟ ಕೆಲಸದ ಕತೆಯಾಯಿತು. ನೀನು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಆಡಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಎಂಟನೇ ಪುಟ ಓದಿದ ಕೂಡಲೇ ನನಗೆ ಕಂಡದ್ದು ಒಂದೇ: ನೀನು ಮುಂದೆ, ನಾನು ಹಿಂದೆ. ಒಂದೇ ಒಂದು ಸಲ ನೀನಿಲ್ಲದ ಜಾಗಕ್ಕೆ ಹೋಗಬೇಕು ಅನ್ನಿಸಿತು. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು ಇಲ್ಲದ ದಿನವೇ ಇಲ್ಲ ಅಕ್ಕ. ನೀನು ಆರು ವರ್ಷದಿಂದ ಉರಿದಿದ್ದೀ, ನಾನು ಹತ್ತೊಂಬತ್ತು ವರ್ಷದಿಂದ.

ಇನ್ನೊಂದು. ನೀನು ನೌಕಾಪಡೆ, ನೌಕಾಪಡೆ ಅಂತ ಬರೆದಾಗ, ಅದರಲ್ಲೂ "ನನ್ನ ವಯಸ್ಸಿನವರೂ ಇರುತ್ತಾರೆ, ಒಬ್ಬ ಅಕ್ಕ ಜೊತೆಗಿದ್ದ ಹಾಗೆ" ಅಂತ ಬರೆದಾಗ ಪತ್ರವನ್ನು ಮಡಿಸಿ ಆ ಡಬ್ಬದ ಅಡಿಗೇ ತುರುಕಿದೆ. ನಿನಗೆ ಹೇಗೋ ತಿಳಿದಿದೆ, ನೀನೂ ಅರ್ಜಿ ಹಾಕಿದ್ದೀ, ಇಬ್ಬರೂ ಒಟ್ಟಿಗೆ ಹೋಗೋಣ ಅಂತ ಸೂಚನೆ ಕೊಡುತ್ತಿದ್ದೀ ಅಂದುಕೊಂಡೆ. ಅದಕ್ಕೇ ಉತ್ತರ ಬರೆಯಲಿಲ್ಲ, ಅದಕ್ಕೇ ಭೂಸೇನೆಗೆ ಒಂದು ಹಾಕಿ ನೌಕಾಪಡೆಯನ್ನು ಕೊನೆಗೆ ತಳ್ಳಿದೆ. ನೀನು ನನ್ನನ್ನು ಮುಳುಗಿಸಲು ಬರೆದದ್ದನ್ನು ನೀನೇ ಬರುತ್ತೀ ಅಂತ ಓದಿಕೊಂಡು ನಾನು ಓಡಿಹೋದೆ. ಆಮೇಲೆ ನಿನ್ನ ಜುಲೈ ಪತ್ರ ಬಂತು, ನಿನಗೆ ಏನೂ ಗೊತ್ತಿರಲಿಲ್ಲ ಅಂತ ಆಗ ತಿಳಿಯಿತು. ಕಡೆಯ ದಿನ ಮುಗಿದು ಮೂರು ವಾರವಾಗಿತ್ತು.

ನೀನು ಬೇಡ ಅಂದರೆ ನಾನು ಹೋಗುವುದಿಲ್ಲ. ಇದು ಬಾಯಿಮಾತಲ್ಲ.

ತಂಗಿ

*

ಸೆಪ್ಟೆಂಬರ್ ೮

ಹೋಗು.

ನನ್ನ ಬಾಯಲ್ಲಿ ಬೇಡ ಅನ್ನಿಸಿ ನಿನ್ನ ಜ್ವರದ ಕತೆಯ ಪಕ್ಕದಲ್ಲಿ ಇನ್ನೊಂದು ಕತೆ ಇಡಬೇಡ. ಅದನ್ನು ಹೊರಲು ನನ್ನಿಂದ ಆಗುವುದಿಲ್ಲ. ಕೆಲವು ದಿನ ನನಗೆ ಬರೆಯಬೇಡ.

*

ಅಕ್ಟೋಬರ್ ೧೭

ಅಕ್ಕ,

ಬರೆಯಬೇಡ ಅಂದಿದ್ದೆ, ಆದರೂ ಬರೆಯುತ್ತಿದ್ದೇನೆ. ಶಿಬಿರಕ್ಕೆ ಬಂದು ನಾಲ್ಕು ವಾರವಾಯಿತು. ಇಲ್ಲಿ ಅಂಥದ್ದೇನೂ ಇಲ್ಲ. ಊಟ ಸುಮಾರು. ಹಾಸಿಗೆ ಗಟ್ಟಿ. ಬೂಟು ಕಚ್ಚಿ ಎರಡೂ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿದೆ. ಕಲಿಸುವ ಮೇಡಂ ಸದಾ ಕಿರುಚುತ್ತಾರೆ. ಹೊರಗಿನಿಂದ ನೋಡುವಷ್ಟು ಚಂದವಿಲ್ಲ. ನೀನು ಬಂದಿದ್ದರೂ ನಿನಗೆ ಹಿಡಿಸುತ್ತಿರಲಿಲ್ಲ ಅಂತ ಎಷ್ಟೋ ಸಲ ಅನ್ನಿಸಿದೆ.

ತಂಗಿ

*

ಅಕ್ಟೋಬರ್ ೨೬

ತಂಗಿ,

ಸುಳ್ಳು. ನಿನ್ನ ಅಕ್ಷರ ನೋಡಿಯೇ ಹೇಳಬಲ್ಲೆ. ಬೇಸರದಲ್ಲಿದ್ದಾಗ ನಿನ್ನ ಸಾಲುಗಳು ಕೆಳಕ್ಕೆ ಇಳಿಯುತ್ತವೆ, ಈ ಪತ್ರದಲ್ಲಿ ಒಂದೊಂದು ಸಾಲೂ ಮೇಲಕ್ಕೆ ಓಡಿದೆ. ನನ್ನ ಸಮಾಧಾನಕ್ಕೆ ಊಟ ಸುಮಾರು, ಹಾಸಿಗೆ ಗಟ್ಟಿ ಅಂತ ಬರೆದಿದ್ದೀ. ಒಂದು ಸಲ ಹಾಳೆ ಕಿತ್ತು ಕಳಿಸಿದ್ದು ಸಾಲದೇ?

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಯಾವಾಗ ಇಳಿಯುತ್ತದೋ ನನಗೂ ಗೊತ್ತಿಲ್ಲ, ಕೇಳಬೇಡ. ನಾನು ನಿನಗೆ ಬಗೆದ ಕೇಡೂ ಚಿಕ್ಕದಲ್ಲ ಅಂತ ಗೊತ್ತಿದೆ, ಆದರೂ ಇಳಿದಿಲ್ಲ. ನನ್ನ ಗುರಿ ತಪ್ಪಿಹೋಯಿತು, ನಿನ್ನದು ತಪ್ಪಲಿಲ್ಲ, ಅಷ್ಟೇ ವ್ಯತ್ಯಾಸ. ಬಿಳಿ ಬಟ್ಟೆಗಳನ್ನು ಈಗ ಬೇರೆಯವರಿಗೆ ಕೊಡುತ್ತೇನೆ. ಯಜಮಾನಿ ಕಾರಣ ಕೇಳಲಿಲ್ಲ.

ಆದರೆ ಕನಿಕರ ಬೇಡ ನನಗೆ. ಆರು ವರ್ಷ ನಾನು ಮನಸ್ಸಿನಲ್ಲಿ ಕಟ್ಟಿಕೊಂಡ ಜಾಗದಲ್ಲಿ ನೀನು ನಿಂತಿದ್ದೀ. ಅದು ಹೇಗಿದೆ ಅಂತ ಹೇಳಲು ನನಗಿರುವವಳು ನೀನೊಬ್ಬಳೇ. ಇದ್ದದ್ದು ಇದ್ದ ಹಾಗೆ ಬರೆ. ಓದಿ ನನ್ನ ಹೊಟ್ಟೆ ಉರಿದರೆ ಉರಿಯಲಿ, ಅದು ನನ್ನ ಹೊಟ್ಟೆ.

ಅಕ್ಕ

*

ನವೆಂಬರ್ ೪

ಅಕ್ಕ,

ಸರಿ, ಬರೆಯುತ್ತೇನೆ.

ಐದಕ್ಕೆ ಏಳುತ್ತೇವೆ. ನೀರು ಎಷ್ಟು ತಣ್ಣಗಿರುತ್ತದೆಂದರೆ ಹಲ್ಲು ಉಜ್ಜಿದ ಮೇಲೆ ಅರ್ಧ ಗಂಟೆ ಮಾತು ತೊದಲುತ್ತದೆ. ಹಿಮ್ಮಡಿಯ ಬೊಕ್ಕೆ ನಿಜ, ಅದು ಒಡೆದು ಗಟ್ಟಿಯಾಯಿತು. ಮೇಡಂ ಕಿರುಚುವುದೂ ನಿಜ. ಮೊನ್ನೆ ಶಿಬಿರದ ಜನರೇಟರ್ ಕೆಟ್ಟಾಗ ನಾನು ಹೋಗಿ ಸುಟ್ಟ ಸುರುಳಿ ಪತ್ತೆ ಹಚ್ಚಿದೆ. ಅವತ್ತು ಮೇಡಂ ಎಲ್ಲರೆದುರು ನನ್ನನ್ನು ಕರೆದು, "ಇದನ್ನ ಎಲ್ಲಿ ಕಲಿತೆ?" ಅಂದರು. ಅವರಿಗೆ ನನ್ನ ಮನೆಯವರು ಯಾರೂ ಗೊತ್ತಿಲ್ಲ. ನನ್ನೊಬ್ಬಳನ್ನೇ ಕೇಳಿದ್ದು.

ನಾವು ಅರವತ್ತು ಜನ. ಮೊದಲ ಐದು ವಾರ ಒಬ್ಬರ ಕಾಲು ಒಬ್ಬರಿಗೆ ತೊಡರುತ್ತಿತ್ತು. ಹೋದ ಗುರುವಾರ ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ಅರವತ್ತೂ ಹೆಜ್ಜೆ ಒಟ್ಟಿಗೆ ಬಿತ್ತು. ನೆಲದಿಂದ ಏನೋ ಹತ್ತಿ ಎದೆಯವರೆಗೆ ಬಂತು. ಪಕ್ಕದಲ್ಲಿದ್ದವಳು ಅಳುತ್ತಿದ್ದಳು, ತಲೆ ತಿರುಗಿಸುವಂತಿರಲಿಲ್ಲ, ಉಸಿರು ಕೇಳಿ ತಿಳಿಯಿತು. ನಾನೂ ಅಳುತ್ತಿದ್ದೆ. ಹೀಗಿರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ಇದನ್ನು ಬರೆಯಬಾರದು ಅಂತ ನಾಲ್ಕು ದಿನ ಪೆನ್ನು ಮುಟ್ಟಿರಲಿಲ್ಲ. ಕೇಳಿದ್ದೀ, ಅದಕ್ಕೆ ಬರೆಯುತ್ತಿದ್ದೇನೆ.

ಇಲ್ಲಿ ಚೆನ್ನಾಗಿದೆ ಅಕ್ಕ. ನೀನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿದೆ.

ನಿನ್ನ ತಂಗಿ